ಜೊಂಪು ಅವನೋ, ಅವಳೋ

ಜೊಂಪು ಬಂದ ಬೆಳಿಗ್ಗೆ ನಮ್ಮ ಅಡುಗೆಮನೆಯ ಹಿತ್ತಾಳೆ ಪಾತ್ರೆಗಳೆಲ್ಲ ಸಣ್ಣಗೆ ಗುಂಯ್‌ಗುಟ್ಟತೊಡಗಿದವು. ಅತ್ತಿಗೆ ಒಲೆಯ ಮುಂದೆ ಕೂತು ಹಾಲು ಕಾಯಿಸುತ್ತಿದ್ದಳು. ಹಾಲಿನ ಪಾತ್ರೆಯ ಮುಚ್ಚಳ ನಡುಗುವುದನ್ನು ಕಂಡು ಮೆಲ್ಲಗೆ ಅದನ್ನು ಒತ್ತಿಹಿಡಿದಳು. ನಡುಕ ಅವಳ ಕೈಗೆ ಹತ್ತಿ, ಮೊಣಕೈವರೆಗೆ ಏರಿ, ಬಳೆಗಳಲ್ಲಿ ಕಿಣಿಕಿಣಿ ಎಂದಿತು. "ಬಂತು ಅಂತ ಕಾಣುತ್ತೆ ಕಣೆ," ಅಂದಳು ನನಗೆ.

ನಾವಿಬ್ಬರೂ ಬಾಗಿಲಿಗೆ ಬರುವಷ್ಟರಲ್ಲಿ ಬೀದಿಗೆ ಬೀದಿಯೇ ಹೊರಗೆ ನಿಂತಿತ್ತು. ಬೆಟ್ಟದ ಕಡೆಯಿಂದ ಹುಲ್ಲಿನ ಬಣವೆಯೊಂದು ಎದ್ದು ನಡೆದು ಬರುತ್ತಿರುವ ಹಾಗೆ ಕಾಣಿಸಿತು. ಹತ್ತಿರ ಬಂದಾಗ ಬಣವೆಗಿಂತ ಎಷ್ಟೋ ಎತ್ತರ ಅಂತ ಗೊತ್ತಾಯಿತು. ಮೈತುಂಬ ಎಳೆ ರಾಗಿಪೈರಿನ ಬಣ್ಣದ ಕೂದಲು, ನೆಲ ಗುಡಿಸುವಷ್ಟು ಉದ್ದ. ಅಷ್ಟು ದೊಡ್ಡ ಮೈಗೆ ಹೆಜ್ಜೆಯ ಸದ್ದೇ ಇಲ್ಲ. ಕೂದಲ ನಡುವೆ ಎರಡು ಕಣ್ಣು, ಒಂದೊಂದೂ ಊಟದ ತಟ್ಟೆಯಷ್ಟು ಅಗಲ, ಬಾವಿಯೊಳಗಿನ ನೀರಿನಂತೆ ಕಪ್ಪು. ಹಾದುಹೋದಲ್ಲೆಲ್ಲ ಆಗ ತಾನೆ ಜಜ್ಜಿದ ಕೊತ್ತಂಬರಿ ಬೀಜದ ವಾಸನೆ. ಮೂಗಿನಲ್ಲೋ ಎದೆಯಲ್ಲೋ ಗೊತ್ತಿಲ್ಲ, ಒಂದೇ ಸಮನೆ ಗುನುಗುತ್ತಿತ್ತು. ಊರಿನ ಪಾತ್ರೆಗಳೆಲ್ಲ ಆ ಗುನುಗಿಗೇ ದನಿಗೂಡಿಸುತ್ತಿದ್ದವು. ನಮ್ಮ ಮನೆಯ ಮುಂದೆ ಬಂದಾಗ ಒಂದು ಗಳಿಗೆ ನಿಂತು ಅತ್ತಿಗೆಯನ್ನು ನೋಡಿತು. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಹೊಸ್ತಿಲ ಮೇಲೆ ನಿಂತು ತಲೆಯೆತ್ತಿ ನೋಡಿದಳು. ತನ್ನ ಬಾಯಿಂದ ಹೊರಟ ಮಾತು ತನ್ನದೇ ಅಂಗಳದಲ್ಲಿ ನೆರಳು ಬೀಳಿಸಿಕೊಂಡು ನಿಂತಿದ್ದನ್ನು ಅವಳು ಎಂದೂ ನೋಡಿರಲಿಲ್ಲ.

ನಮ್ಮೂರಿಗೆ ಕಥೆಯ ಜೀವಿಗಳು ಬರುವುದು ಹೊಸದೇನಲ್ಲ. ದೀಪ ಹಚ್ಚುವ ಹೊತ್ತಿಗೆ ಗೋಪುರದ ಮೇಲಿಂದ ಮೈಕಿನಲ್ಲಿ ಕಥೆ ಹೇಳುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಕಥೆಯೊಳಗಿನ ಜೀವಿಯ ಮೇಲೆ ಊರಿಗೆ ಸಾಕಷ್ಟು ಪ್ರೀತಿ ಕೂಡಿದಾಗ ಅದು ಬೆಟ್ಟ ಇಳಿದು ಬರುತ್ತದೆ. ಬಂದರೆ ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತು. ಬೀದಿಗೆ ಅಡ್ಡ ಕಟ್ಟಿದ ಬಟ್ಟೆಯ ಹಗ್ಗ ಬಿಚ್ಚಬೇಕು, ಜಗಲಿಯ ಮೇಲೆ ನೀರು ಇಡಬೇಕು, ನಾಯಿಗಳನ್ನು ಒಳಗೆ ಕಟ್ಟಬೇಕು. ಕಥೆ ಮುಗಿದ ಮಾರನೆಯ ದಿನ ಅದು ಹೊರಟುಹೋಗುತ್ತದೆ. ನಾನು ಚಿಕ್ಕವಳಿದ್ದಾಗ ಗಂಟಲಲ್ಲಿ ದೀಪವಿದ್ದ ಹಕ್ಕಿಯೊಂದು ಬಂದಿತ್ತು. ಅದು ಕೂತ ಮನೆಯವರು ಸಂಜೆ ದೀಪವನ್ನೇ ಹಚ್ಚುತ್ತಿರಲಿಲ್ಲ. ಆಗ ಕಥೆ ಹೇಳುತ್ತಿದ್ದವರು ಪುಟ್ಟಸ್ವಾಮಯ್ಯನವರು. ಒಂದು ಸಂಜೆ ಯಾವುದೋ ಪ್ರಾಸಕ್ಕೆಂದು 'ಮುದಿಹಕ್ಕಿ' ಅಂದುಬಿಟ್ಟರು. ಬೆಳಗಾಗುವಷ್ಟರಲ್ಲಿ ಅದರ ರೆಕ್ಕೆ ಬೆಳ್ಳಗಾಗಿತ್ತು. ಮಳೆಗಾಲ ಹಿಡಿಯುವ ಮೊದಲೇ ಸತ್ತುಹೋಯಿತು. ಗೋಪುರದ ಮೇಲೆ ಆಡಿದ ಮಾತು ಜೀವಿಯ ಮೈಗೆ ಹತ್ತುತ್ತದೆ ಎಂಬುದು ಹೀಗೆ ನಮಗೆಲ್ಲ ಗೊತ್ತು.

ಪುಟ್ಟಸ್ವಾಮಯ್ಯನವರು ಹೋದ ಮೇಲೆ ಗೋಪುರ ಹತ್ತಿದವಳು ನನ್ನ ಅಣ್ಣ ಗುರುಪಾದನ ಹೆಂಡತಿ, ಅಂಬುಜಾಕ್ಷಿ ಅತ್ತಿಗೆ. ಮನೆಯಲ್ಲಿ ಅವಳು ಮಾತು ಕಡಿಮೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದರೆ ಕಣ್ಣಲ್ಲೇ ಒಪ್ಪಿಕೊಳ್ಳುವಷ್ಟು ಕಡಿಮೆ. ಆದರೆ ಮೈಕಿನ ಮುಂದೆ ಕೂತರೆ ಅವಳ ದನಿಗೆ ಎಲ್ಲಿಂದಲೋ ಇನ್ನೊಂದು ಮೈ ಬರುತ್ತಿತ್ತು. ಎಷ್ಟೋ ಕಥೆ ಹೇಳಿದ್ದಳು, ಊರು ಕೇಳಿತ್ತು, ಯಾವ ಜೀವಿಯೂ ಬಂದಿರಲಿಲ್ಲ. ಜೊಂಪು ಅವಳ ಮೊದಲನೆಯದು. ಹಸಿದವರ ಮನೆಯ ಮುಂದೆ ತಾನಾಗಿ ಹೋಗಿ ನಿಲ್ಲುವ, ದುಃಖದಲ್ಲಿದ್ದವರ ಪಕ್ಕ ಕೂತು ಗುನುಗುವ, ಆ ಗುನುಗಿಗೆ ಅವರಿಗೆ ಜೊಂಪು ಹತ್ತುವ ಹಾಗೆ ಮಾಡುವ ಬೆಟ್ಟದ ಜೀವಿ. ಅದು ಬಂತು, ಅದು ಕೂತಿತು, ಅದು ನೋಡಿತು ಅಂತ ಕಥೆ ಶುರುಮಾಡಿದ್ದಳು. ಯಾಕೆ ಹಾಗೆ ಅಂತ ಯೋಚಿಸಿದವಳೇ ಅಲ್ಲ. ಬಾಯಿಗೆ ಹಾಗೆ ಬಂದಿತ್ತು, ಅಷ್ಟೆ.

ಜೊಂಪು ನೇರ ಕೆರೆಯ ಹತ್ತಿರ ಹೋಗಿ ಅರಳಿಮರದ ಪಕ್ಕ ಕೂತಿತು. ಮೊದಲ ಕೆಲವು ದಿನ ಊರಿಗೆ ಬೇರೆ ಕೆಲಸವೇ ಇರಲಿಲ್ಲ. ಜನ ಹೋಗಿ ದೂರದಲ್ಲಿ ನಿಂತು ನೋಡುವರು, ಇನ್ನೊಂದಿಷ್ಟು ಹತ್ತಿರ ಹೋಗುವರು, ಕೂದಲು ಮುಟ್ಟಿ ಕೈ ಮೂಸಿಕೊಳ್ಳುವರು. ಜಗಳಗಂಟರು ಅಂತ ಹೆಸರಾದವರೂ ಅದರ ನೆರಳಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಜೊಂಪು ಎದ್ದು ಸ್ನಾನಕ್ಕೆಂದು ಮೆಟ್ಟಿಲಿಳಿಯಿತು. ನಮ್ಮ ಕೆರೆಯಲ್ಲಿ ಗಂಡಸರ ಮೆಟ್ಟಿಲು ಬೇರೆ, ಹೆಂಗಸರ ಮೆಟ್ಟಿಲು ಬೇರೆ. ನಡುವೆ ಆಳೆತ್ತರದ ಗೋಡೆ. ಜೊಂಪು ಆ ಕಡೆ ನೋಡಿತು, ಈ ಕಡೆ ನೋಡಿತು. ಆಮೇಲೆ ಗೋಡೆಯ ಮೇಲೆಯೇ ಕೂತು ಒಂದು ಕಾಲು ಗಂಡಸರ ನೀರಿಗೂ ಇನ್ನೊಂದು ಕಾಲು ಹೆಂಗಸರ ನೀರಿಗೂ ಇಳಿಬಿಟ್ಟಿತು. ನೀರು ಉಕ್ಕಿ, ಒಣಗಹಾಕಿದ್ದ ಬಟ್ಟೆಗಳೆಲ್ಲ ಎರಡೂ ಕಡೆ ತೊಯ್ದುಹೋದವು. ಎಲ್ಲರೂ ನಕ್ಕರು. ಆದರೆ ಒದ್ದೆ ಸೀರೆ ಹಿಂಡುತ್ತ ಯಾರೋ ಒಬ್ಬಳು, "ಅಲ್ಲ, ಇವಳು ನಮ್ಮ ಕಡೆ ಬರಬಾರದಾ?" ಅಂದಳು. ಗೋಡೆಯ ಆಚೆಯಿಂದ ಒಂದು ಗಂಡು ದನಿ, "ಇವಳಲ್ಲ ಕಣಮ್ಮ, ಇವನು," ಅಂತ ತಿದ್ದಿತು. ಶುರುವಾದದ್ದು ಅಲ್ಲಿಂದ.

ಮಗ್ಗದ ಕೇರಿಯ ಹುಡುಗಿಯರು ಜೊಂಪಿನ ಬೆನ್ನ ಮೇಲಿನ ಕೂದಲಿಗೆ ಜಡೆ ಹೆಣೆದು ಕನಕಾಂಬರ ಮುಡಿಸಿದರು. ಅವರ ಮುಂದಾಳು ನೀಲಾವತಿ, ಒಳ್ಳೆಯ ನೇಯ್ಗೆಗಾರ್ತಿ, ಮಾತಿನಲ್ಲೂ ಅಷ್ಟೇ ಬಿಗಿ. ಅವರು ತಮ್ಮ ಗುಂಪಿಗೆ ಜೊಂಪಕ್ಕ ಬಳಗ ಅಂತ ಹೆಸರಿಟ್ಟುಕೊಂಡರು. ವಾರ ಕಳೆಯುವಷ್ಟರಲ್ಲಿ ಗರಡಿಮನೆಯವರು ಜೊಂಪಣ್ಣ ಸಂಘ ಕಟ್ಟಿದರು. ಅವರ ಯಜಮಾನ ಪೈಲ್ವಾನ್ ದ್ಯಾವಣ್ಣ. ಬೆಟ್ಟದ ದಾರಿಗೆ ಉರುಳಿದ್ದ ಬಂಡೆಯನ್ನು ಜೊಂಪು ಎರಡೇ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟಿದ್ದೇ ಅವರಿಗೆ ಸಾಕ್ಷಿ. "ಬಂಡೆ ಎತ್ತೋದು ಗಂಡಸಿನ ಕೆಲಸ," ಅಂದರು. "ಬೆಳಗಾದ್ರೆ ಕೆರೆಯಿಂದ ತಲೆ ಮೇಲೊಂದು ಸೊಂಟದಲ್ಲೊಂದು ಕೊಡ ಹೊರೋರು ಯಾರು ಮತ್ತೆ?" ಅಂತ ನೀಲಾವತಿ ಕೇಳಿದಳು. "ಪಕ್ಕದ ಮನೆ ಒಲೆ ಹತ್ತಿಲ್ಲ ಅಂತ ಯಾವ ಗಂಡಸಿಗೆ ಗೊತ್ತಾಗಿದೆ ಇದುವರೆಗೆ? ಅವಳಿಗೆ ಗೊತ್ತಾಗುತ್ತೆ." ಊರೆಲ್ಲ ಈ ವಾದದಲ್ಲಿ ಹಂಚಿಹೋಯಿತು. ಅದೂ ಗಂಡಸರೆಲ್ಲ ಅತ್ತ, ಹೆಂಗಸರೆಲ್ಲ ಇತ್ತ ಅಂತ ಅಲ್ಲ. ಒಂದೇ ಮನೆಯಲ್ಲಿ ಅತ್ತೆ ಅವನು ಅಂದರೆ ಸೊಸೆ ಅವಳು ಅನ್ನುವಳು. ನಿಶ್ಚಿತಾರ್ಥವಾಗಿದ್ದ ಜೋಡಿಯೊಂದು ಇದೇ ಮಾತಿಗೆ ಮುನಿಸಿಕೊಂಡು, ಹಿರಿಯರು ನಡುವೆ ಓಡಾಡಬೇಕಾಯಿತು. ಸಂಜೆ ಅತ್ತಿಗೆ ಕಥೆ ಹೇಳುವಾಗ ಜಗಲಿಗಳ ಮೇಲೆ ಜನ ಕಥೆ ಕೇಳುವುದನ್ನು ಬಿಟ್ಟು ಒಂದೊಂದು ವಾಕ್ಯದ ಬಾಲವನ್ನೇ ಕಾಯುತ್ತಿದ್ದರು. ಅತ್ತಿಗೆ 'ನಕ್ಕಳು' ಅನ್ನುತ್ತಾಳೋ, 'ನಕ್ಕನು' ಅನ್ನುತ್ತಾಳೋ. ಅವಳು 'ನಕ್ಕಿತು' ಅಂದಾಗ ಎರಡೂ ಕಡೆಯವರಿಗೆ ಬೇಸರ.

ಹೀಗೇ ನಡೆದು ಒಂದು ಬೆಳಿಗ್ಗೆ ಗರಡಿಯ ಹುಡುಗರು ಜೊಂಪಿನ ಜಡೆ ಬಿಚ್ಚಿ ಹೂವನ್ನು ಕೆರೆಗೆಸೆದು ಕೆಂಪು ರುಮಾಲು ಸುತ್ತತೊಡಗಿದರು. ಸುದ್ದಿ ತಿಳಿದು ಮಗ್ಗದ ಕೇರಿಯವರು ಓಡಿಬಂದರು. ರುಮಾಲಿನ ಒಂದು ತುದಿ ಇವರ ಕೈಗೆ, ಇನ್ನೊಂದು ತುದಿ ಅವರ ಕೈಗೆ. ನಡುವೆ ಕೂದಲೂ ಸಿಕ್ಕಿಕೊಂಡಿದೆ ಅಂತ ಯಾರೂ ಗಮನಿಸಲಿಲ್ಲ. ಎಳೆದಾಟದಲ್ಲಿ ಹಿಡಿ ಹಿಡಿ ಕೂದಲು ಕಿತ್ತುಬಂತು. ಜೊಂಪು ಒಂದು ಕೈಯನ್ನೂ ಎತ್ತಲಿಲ್ಲ. ಅಷ್ಟು ದೊಡ್ಡ ಮೈಯನ್ನು ಮುದುಡಿಕೊಂಡು ಕಣ್ಣು ಮುಚ್ಚಿತು. ಗುನುಗು ನಿಂತುಹೋಯಿತು. ಮನೆಯಲ್ಲಿ ನಾವು ಪಾತ್ರೆ ತೊಳೆಯುತ್ತಿದ್ದೆವು. ಇದ್ದಕ್ಕಿದ್ದಂತೆ ಎಲ್ಲವೂ ಮೂಕವಾದವು. ಅಷ್ಟು ದಿನ ಕೇಳಿ ಕೇಳಿ ಕಿವಿಗೆ ಅಂಟಿಹೋಗಿದ್ದ ದನಿ ಇಲ್ಲವಾದಾಗ ಯಾರೋ ಮನೆಯಿಂದ ಎದ್ದುಹೋದಂತಾಯಿತು. ಅತ್ತಿಗೆ ಕೈಯಲ್ಲಿದ್ದ ತಂಬಿಗೆಯನ್ನು ಬೆರಳಿನಿಂದ ಬಡಿದು ನೋಡಿದಳು. ಬರೀ ಲೋಹದ ಸದ್ದು.

ಮಾರನೆಯ ದಿನವೂ ಜೊಂಪು ಕಣ್ಣು ತೆರೆಯಲಿಲ್ಲ. ಅದರಾಚೆಯ ದಿನವೂ ಇಲ್ಲ. ಕೂದಲಿನ ಹಸಿರು ಮಾಸಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಊರಿನ ಅಧ್ಯಕ್ಷ ಕರಿಬಸಪ್ಪನವರು ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತರು. ಕೆಟ್ಟ ಮನುಷ್ಯರಲ್ಲ, ದಣಿದಿದ್ದರು. "ನೋಡಿ ತಾಯಿ, ಅದಕ್ಕೆ ಏನಾದ್ರೂ ಆದ್ರೆ ನಾವು ಯಾರೂ ಮುಖ ಎತ್ತಿ ಓಡಾಡೋ ಹಾಗಿಲ್ಲ," ಅಂದರು. "ನೀವು ಗೋಪುರದ ಮೇಲಿಂದ ಒಂದು ಮಾತು ಹೇಳಿಬಿಡಿ. ಗಂಡು ಅಂದ್ರೆ ಗಂಡಾಗುತ್ತೆ, ಹೆಣ್ಣು ಅಂದ್ರೆ ಹೆಣ್ಣಾಗುತ್ತೆ. ಸೋತವರು ಎರಡು ದಿನ ಗೊಣಗ್ತಾರೆ, ಆಮೇಲೆ ಸುಮ್ಮನಾಗ್ತಾರೆ. ನಾಳೆ ಸಂಜೆ ಹೇಳ್ತೀರಿ ಅಂತ ಊರಿಗೆ ಸಾರಿಸಿಬಿಡ್ಲಾ?"

"ಇವಳು ಒಂದು ಪ್ರಾಸಕ್ಕೂ ಹೆದರಿ ಹೆದರಿ ಮಾತಾಡೋಳು," ಅಂದ ನನ್ನ ಅಣ್ಣ. "ಅಂಥವಳ ಕೈಲಿ ಇದನ್ನ ಹೇಳಿಸ್ತೀರಲ್ಲ."

"ಬೇರೆ ಯಾರ ಮಾತೂ ನಡೆಯಲ್ವಲ್ಲಪ್ಪ," ಅಂದರು ಕರಿಬಸಪ್ಪನವರು. ಅತ್ತಿಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವರು ಅದನ್ನೇ ಹೂಂ ಅಂದುಕೊಂಡು ಎದ್ದುಹೋದರು.

ಮಾರನೆಯ ಬೆಳಿಗ್ಗೆ ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ನನ್ನನ್ನೂ ಕರೆದಳು. ಯಾಕೆ ಅವನು, ಯಾಕೆ ಅವಳು ಅಂತ ಒಬ್ಬೊಬ್ಬರನ್ನೂ ಕೇಳಬೇಕು ಅಂದಳು. ಮೊದಲು ಸಿಕ್ಕಿದ್ದು ಕೆರೆಯ ಏರಿಯ ಮೇಲೆ ಸೊಪ್ಪು ಮಾರುವ ಹೊನ್ನಜ್ಜಿ. "ಅವ್ನು ಗಂಡ್ಸು ಕಣವ್ವ, ಅದ್ರಲ್ಲೇನು," ಅಂದಳು ಅಜ್ಜಿ, ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತ. "ಬಂದಾಗ್ನಿಂದ ಕೂತವ್ನೆ. ಒಬ್ರಾದ್ರೂ ಏಳು ಅಂದವ್ರಾ? ಹೆಂಗ್ಸಾಗಿದ್ರೆ ಈ ಊರು ಇಷ್ಟೊತ್ತು ಸುಮ್ಕೆ ಕೂರಕ್ಕೆ ಬಿಡ್ತಿತ್ತಾ?" ಆಮೇಲೆ ದನಿ ತಗ್ಗಿಸಿ, "ನಾನು ಹಿಂಗೆ ಮಾತಾಡ್ತಾ ಇದ್ರೆ ಕೊನೆಗಂಟ ಕೇಳ್ತಾನೆ ಕಣವ್ವ. ನಮ್ಮನೆ ಗಂಡ್ಸು ಒಂದಿನ ಕೇಳ್ಲಿಲ್ಲ. ಇವ್ನು ಕೇಳ್ತಾನಲ್ಲ ಅಂತ ನಂಗೆ ಒಂಥರಾ," ಅಂದಳು. ಒಂಥರಾ ಏನು ಅಂತ ಹೇಳಲಿಲ್ಲ. ಕಣ್ಣೊರೆಸಿಕೊಂಡು ಅತ್ತಿಗೆಗೆ ಒಂದು ಕಟ್ಟು ದಂಟು ಕೊಟ್ಟಳು.

ದ್ಯಾವಣ್ಣ ಗರಡಿಯಲ್ಲಿ ಒಬ್ಬನೇ ಕೂತು ಕೆಮ್ಮಣ್ಣು ಜರಡಿ ಹಿಡಿಯುತ್ತಿದ್ದ. ಹುಡುಗರು ಮಾಡಿದ ರಂಪಕ್ಕೆ ತಾನು ಅಲ್ಲಿರಲಿಲ್ಲ ಅಂತ ತಾನಾಗಿಯೇ ಹೇಳಿದ. ಅತ್ತಿಗೆ ಕೇಳಿದ್ದಕ್ಕೆ ಜರಡಿಯನ್ನು ಕೆಳಗಿಟ್ಟ. "ನಿಮ್ಮ ಹತ್ರ ಸುಳ್ಳು ಯಾಕೆ ಅಂಬುಜಮ್ಮ. ಹುಡುಗರ ಮುಂದೆ ಜೊಂಪಣ್ಣ ಅಂತೀನಿ. ಒಬ್ಬನೇ ಹೋದಾಗ ಬಾಯಿಗೆ ಬೇರೆ ಬರುತ್ತೆ."

"ಏನು ಬರುತ್ತೆ?"

"ಅವ್ವ ಅಂತ." ಅವನ ಕತ್ತು ಕೆಂಪಾಯಿತು. "ಹೋದ ವಾರ ಅದರ ಪಕ್ಕ ಕೂತಿದ್ದೆ. ತಲೆ ಮೇಲೆ ಕೈ ಇಟ್ಟಿತು. ಅಷ್ಟು ದೊಡ್ಡ ಕೈ, ಭಾರವೇ ಇಲ್ಲ. ನಮ್ಮವ್ವ ಜ್ವರ ನೋಡ್ತಿದ್ದಳಲ್ಲ, ಹಾಗೆ. ಇದನ್ನ ಹೊರಗೆ ಹೇಳಬೇಡಿ." ಅವನು ಬದುಕಿರುವವರೆಗೆ ನಾವು ಹೇಳಲಿಲ್ಲ.

ನೀಲಾವತಿ ಮಗ್ಗದ ಗುಂಡಿಯಿಂದ ಏಳಲೇ ಇಲ್ಲ. ಲಾಳಿ ಎಸೆಯುತ್ತಲೇ ಮಾತಾಡಿದಳು. ಕಿತ್ತುಬಂದ ಕೂದಲು ತನ್ನ ಕೈಯಲ್ಲೂ ಇತ್ತು, ಅದನ್ನು ಎಸೆಯಲಾರದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ ಅಂದಳು. "ನೀವು ಅದು ಅದು ಅಂತೀರಲ್ಲಕ್ಕ, ನಮಗೆ ಹೊಟ್ಟೆ ಉರಿಯೋದು ಅದಕ್ಕೆ. ಕಲ್ಲಿಗೂ ಅದು, ಕುರ್ಚಿಗೂ ಅದು. ಹೊರಗೆ ನಿಲ್ಲಿಸಿ ಮಾತಾಡಿದ ಹಾಗಿರುತ್ತೆ. ಅವಳು ಅಂದ್ರೆ ಒಳಗೆ ಬಂದ ಹಾಗೆ. ಅಕ್ಕ ಅನ್ನಬಹುದು, ಜಡೆ ಹಾಕಬಹುದು."

"ಮಗೂನ ಅದು ಅನ್ನಲ್ವೇನೇ? ಅದು ಅಳ್ತಾ ಇದೆ, ಅದು ನಗ್ತಾ ಇದೆ ಅಂತ?"

ಲಾಳಿ ನಿಂತಿತು. "ಅಂತೀವಿ," ಅಂದಳು ನೀಲಾವತಿ. "ಆದ್ರೆ ಮಗು ದೊಡ್ಡದಾಗಬೇಕಲ್ಲಕ್ಕ. ಊರೊಳಗೆ ಇರಬೇಕಲ್ಲ. ಯಾವ ಮೆಟ್ಟಿಲಲ್ಲಿ ಇಳೀಬೇಕು ಅದು?"

ನಾವು ಮನೆಗೆ ಬಂದೆವು. ಅತ್ತಿಗೆ ಬಾಗಿಲ ಹತ್ತಿರ ನಿಂತು ನನ್ನ ಭುಜ ಹಿಡಿದುಕೊಂಡಳು. "ನಾನು ಏನೋ ಅಂದ್ಕೊಂಡಿದ್ದೆ ಕಣೆ. ಇವರೆಲ್ಲ ನನ್ನ ಕಥೆ ಕೆಡಿಸ್ತಿದ್ದಾರೆ ಅಂತ ಒಳಗೊಳಗೇ ಕೋಪ ಇತ್ತು. ಆ ಅಜ್ಜಿಗೆ ಅವನು ಬೇಕು. ಆ ಗಟ್ಟಿ ಗಂಡಸಿಗೆ ಅವ್ವ ಬೇಕು. ಇಷ್ಟೊಂದು ಪ್ರೀತೀನ ನಾನು ಕಥೇಲಿ ಇಟ್ಟಿರಲಿಲ್ಲ. ಎಲ್ಲಿಂದ ತಂದ್ರು ಇವರು?" ಅವಳ ಮುಖದಲ್ಲಿ ಹೆದರಿಕೆಯಿತ್ತು, ಆದರೆ ಜೊಂಪು ಬಂದ ಬೆಳಗಿನ ಹೆದರಿಕೆಯಂಥದು, ದೊಡ್ಡದೇನನ್ನೋ ಕಂಡವರದು. "ಒಬ್ಬರದ್ದು ನಿಜ ಮಾಡಿದ್ರೆ ಇನ್ನೊಬ್ಬರದ್ದು ಸುಳ್ಳಾಗುತ್ತೆ. ಅದು ಅಂತಲೇ ಉಳಿಸಿದ್ರೆ ನೀಲಾವತಿ ಹೇಳಿದ ಹಾಗೆ ಹೊರಗೇ ಉಳಿಯುತ್ತೆ. ಜೊಂಪಿಗೆ ಏನು ಬೇಕು ಅಂತ ಮಾತ್ರ ನಮಗೆ ಗೊತ್ತಿಲ್ಲ."

ಸಂಜೆ ಗೋಪುರದ ಕೆಳಗೆ ಇಡೀ ಊರು ಸೇರಿತ್ತು. ಬಿಸಿಲಿನ್ನೂ ಪೂರ್ತಿ ಇಳಿದಿರಲಿಲ್ಲ. ಎಡಕ್ಕೆ ಜೊಂಪಕ್ಕ ಬಳಗ, ಬಲಕ್ಕೆ ಜೊಂಪಣ್ಣ ಸಂಘ, ನಡುವೆ ಕರಿಬಸಪ್ಪನವರು. ನಾನು ಅಣ್ಣನ ಪಕ್ಕ ನಿಂತಿದ್ದೆ. ಅತ್ತಿಗೆ ಮೆಟ್ಟಿಲು ಹತ್ತಿ ಕಣ್ಮರೆಯಾದಳು. ಮೇಲೆ ಏನಾಯಿತೆಂದು ಅವಳು ಆಮೇಲೆ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಮೈಕಿನ ಮುಂದೆ ಕೂತಾಗ ಅವಳ ಬಾಯಲ್ಲಿ ಮೂರು ವಾಕ್ಯ ಸಿದ್ಧವಾಗಿದ್ದವು, ಮೂರಕ್ಕೂ ಬೇರೆ ಬೇರೆ ಬಾಲ. ಯಾವುದು ಹೇಳುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಹೇಳಲು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಕೆಳಗೆ ಜನ ಗಪ್‌ಚುಪ್ಪಾದರು.

ಕೆರೆಯ ಕಡೆಯಿಂದ ಜೊಂಪು ನಡೆದು ಬರುತ್ತಿತ್ತು. ಎದ್ದು ನಡೆಯಲಾರದು ಅಂದುಕೊಂಡಿದ್ದೆವು. ನಿಧಾನಕ್ಕೆ ಬಂತು. ಜನ ಇಬ್ಭಾಗವಾಗಿ ದಾರಿ ಬಿಟ್ಟರು. ಕಿತ್ತುಬಂದ ಕಡೆ ಬೋಳಾಗಿದ್ದ ಚರ್ಮ, ಮಸುಕು ಕೂದಲು, ಎಲ್ಲವೂ ಹತ್ತಿರದಿಂದ ಕಾಣಿಸಿತು. ಗರಡಿಯ ಹುಡುಗರು ತಲೆ ತಗ್ಗಿಸಿದರು. ಜೊಂಪು ಗೋಪುರಕ್ಕೆ ಒರಗಿ ನಿಂತು ತಲೆಯೆತ್ತಿತು. ಅದರ ಒಂದು ಕಣ್ಣು ಸರಿಯಾಗಿ ಅತ್ತಿಗೆಯ ಕಿಟಕಿಯ ಎದುರಿಗೆ ಬಂತು. ಮುಚ್ಚಿದ್ದ ರೆಪ್ಪೆ ತೆರೆಯಿತು.

ಅಷ್ಟು ಹತ್ತಿರದಿಂದ ಅವಳು ಅದನ್ನು ನೋಡಿಯೇ ಇರಲಿಲ್ಲವಂತೆ. ಕಿಟಕಿ ತುಂಬ ಆ ಕಣ್ಣು. ಅದರೊಳಗೆ ಸಂಜೆಯ ಆಕಾಶ, ಗೋಪುರ, ಮೈಕು, ಮೈಕಿನ ಹಿಂದೆ ಬೆರಳಷ್ಟು ಗಾತ್ರದ ಒಬ್ಬ ಹೆಂಗಸು. ಇಷ್ಟು ದಿನ ನಾನು ಇದರ ವಿಷಯ ಹೇಳುತ್ತಿದ್ದೆ, ಇದಕ್ಕೆ ಏನನ್ನೂ ಹೇಳಿಯೇ ಇರಲಿಲ್ಲವಲ್ಲ ಅಂತ ಅವಳಿಗೆ ಅನ್ನಿಸಿತಂತೆ. ಸಿದ್ಧಮಾಡಿಕೊಂಡಿದ್ದ ಮೂರು ವಾಕ್ಯಗಳೂ ಎಲ್ಲಿ ಹೋದವೋ. ಮೈಕಿನ ಹತ್ತಿರ ಬಾಯಿ ತಂದು ಅವಳು ಅಂದದ್ದು ಒಂದೇ ಪದ.

"ನೀನು."

ಊರಿನ ಮೂಲೆಮೂಲೆಯ ಸ್ಪೀಕರುಗಳಲ್ಲಿ ಆ ಮಾತು ಹರಡಿತು. ಜೊಂಪಿನ ಕಿವಿಯಿರುವ ಕಡೆ ಕೂದಲು ಅಲುಗಿದ್ದನ್ನು ನಾನು ಕಣ್ಣಾರೆ ನೋಡಿದೆ. ಅತ್ತಿಗೆ ಮುಂದುವರಿಸಿದಳು. ಅದು ಕಥೆ ಹೇಳುವ ದನಿಯೇ, ಆದರೆ ಎದುರಿಗೆ ಕೂತವರೊಡನೆ ಮಾತಾಡುವ ಹಾಗಿತ್ತು.

"ನೀನು ಬೆಟ್ಟ ಇಳಿದು ಬಂದೆ. ನಮ್ಮ ಪಾತ್ರೆಗಳಿಗೆಲ್ಲ ಹಾಡು ಕಲಿಸಿದೆ. ಗೋಡೆಯ ಮೇಲೆ ಕೂತು ನಮ್ಮ ಬಟ್ಟೆ ತೋಯಿಸಿದೆ. ಮಾತಾಡಿದವರ ಮಾತು ಕೇಳಿದೆ. ಒಬ್ಬರ ತಲೆಯ ಮೇಲೆ ಕೈ ಇಟ್ಟೆ. ನಾವು ನಿನ್ನನ್ನು ಎಳೆದಾಡಿದಾಗ ಸುಮ್ಮನಿದ್ದೆ. ಒಂದು ಸಂಜೆ ನೀನು ಗೋಪುರದ ಹತ್ತಿರ ಬಂದೆ."

ಇಲ್ಲಿ ಅವಳು ನಿಲ್ಲಿಸಿದಳು. ಕಥೆಯಲ್ಲಿ ಜೊಂಪಿಗೆ ಅವಳು ಮಾತು ಕೊಟ್ಟಿರಲಿಲ್ಲ, ಗುನುಗು ಮಾತ್ರ ಕೊಟ್ಟಿದ್ದಳು. ಗೋಪುರದಲ್ಲಿ ಆಡಿದ್ದು ಮೈಗೆ ಹತ್ತುತ್ತದೆ. ಹಾಗಾದರೆ ಇದೂ ಹತ್ತಲಿ.

"ನಿನ್ನ ವಿಷಯವನ್ನು ನೀನೇ ಹೇಳಿದೆ," ಅಂದಳು. ಅಂದು, ಮೈಕನ್ನು ಎತ್ತಿ ಕಿಟಕಿಯಾಚೆಗೆ, ಆ ಕೂದಲ ನಡುವೆ ಬಾಯಿ ಇರಬಹುದಾದ ಕಡೆಗೆ ಹಿಡಿದಳು.

ನಾವೆಲ್ಲ ಕಾದೆವು. ಆಮೇಲೆ ಸ್ಪೀಕರಿನಲ್ಲಿ ಮೊದಲು ಉಸಿರು ಕೇಳಿಸಿತು, ದೂರದ ಬೆಟ್ಟದಲ್ಲಿ ಗಾಳಿ ಬೀಸಿದಂತೆ. ಉಸಿರು ದನಿಯಾಯಿತು. ಆ ದನಿ ಹೇಗಿತ್ತು ಅಂತ ಇವತ್ತಿಗೂ ಇಬ್ಬರು ಒಂದೇ ತರ ಹೇಳುವುದಿಲ್ಲ. ನನಗೆ ಕೇಳಿಸಿದ್ದು ಕಿವಿಯಿಂದ ಅಲ್ಲ, ಕಾಲ ಕೆಳಗಿನ ನೆಲದಿಂದ.

"ನಾನು," ಅಂದಿತು ಜೊಂಪು.

ಆ ಒಂದು ಪದಕ್ಕೆ ನನ್ನ ಅಣ್ಣ ಎರಡೂ ಕೈ ಜೋಡಿಸಿದ. ಮುಂದಿನ ಮಾತಿಗೆ ಊರೆಲ್ಲ ಕತ್ತು ಚಾಚಿತು. ಎಡಗಡೆಯವರೂ ಬಲಗಡೆಯವರೂ ಅದರ ಕೊನೆಯ ಅಕ್ಷರಕ್ಕೆ ಕಾದು ನಿಂತಿದ್ದರು. ಆ ಬಾಲದಲ್ಲಿ ಎಲ್ಲವೂ ತೀರ್ಮಾನವಾಗಿಬಿಡುತ್ತದೆ ಅಂತ.

"ನಾನು ಬಂದಿದ್ದೇನೆ."

ಅಷ್ಟೇ. ನೀಲಾವತಿ ತುಟಿಯಲ್ಲೇ ಬಂದಿದ್ದೇನೆ, ಬಂದಿದ್ದೇನೆ ಅಂತ ಹೇಳಿ ನೋಡಿಕೊಂಡಳು. ಅದರಲ್ಲಿ ಅವನೂ ಇರಲಿಲ್ಲ, ಅವಳೂ ಇರಲಿಲ್ಲ. ತಾನೂ ಹಾಗೆಯೇ ಹೇಳುತ್ತಾಳೆ, ದ್ಯಾವಣ್ಣನೂ ಹಾಗೆಯೇ ಹೇಳುತ್ತಾನೆ. ಹುಟ್ಟಿದಾಗಿನಿಂದ ಆಡುತ್ತಿದ್ದ ಮಾತು ಅಂಥದ್ದು ಅಂತ ನಮಗೆ ಗೊತ್ತೇ ಇರಲಿಲ್ಲ. ನೀಲಾವತಿ ಗರಡಿಯವರ ಕಡೆ ನೋಡಿದಳು. ಅವರೂ ಇವಳ ಕಡೆ ನೋಡುತ್ತಿದ್ದರು. ಅಷ್ಟರಲ್ಲಿ ಗುನುಗು ಶುರುವಾಯಿತು. ಜೊಂಪು ಬಂದ ಬೆಳಗಿನದಕ್ಕಿಂತ ದೊಡ್ಡದು. ಖಾಲಿ ಮನೆಗಳೊಳಗಿನಿಂದ ಕೊಡ, ತಂಬಿಗೆ, ಹಂಡೆ, ಬೋಗುಣಿಗಳೆಲ್ಲ ಒಂದಾಗಿ ದನಿಗೊಟ್ಟವು. ಹೊನ್ನಜ್ಜಿಯ ತಕ್ಕಡಿ ಅವಳ ಬುಟ್ಟಿಯಲ್ಲೇ ನಡುಗಿತು. ನನ್ನ ಕಿವಿಯೋಲೆ, ಹಲ್ಲು, ಎದೆಗೂಡು ಎಲ್ಲ ಸೇರಿ ಗುಂಯ್ ಅಂದವು. ಅಳುತ್ತಿರುವುದು ಯಾಕೆ ಅಂತ ಗೊತ್ತಿಲ್ಲದೆ ಎಷ್ಟೋ ಜನ ಅಳುತ್ತಿದ್ದರು.

ಅತ್ತಿಗೆ ಕೆಳಗಿಳಿದು ಬಂದಾಗ ಕರಿಬಸಪ್ಪನವರು ಕಣ್ಣೊರೆಸಿಕೊಂಡು, "ಎಲ್ಲಾ ಸರಿ ತಾಯಿ, ಆದ್ರೆ ಇದರಿಂದ ಏನೂ ತೀರ್ಮಾನ ಆಗ್ಲಿಲ್ವಲ್ಲ," ಅಂದರು.

"ಬಂದಿದ್ದೀನಿ ಅಂತ ಅಂದಿದೆಯಲ್ಲ," ಅಂದಳು ಅತ್ತಿಗೆ. "ಬಂದೋರಿಗೆ ಮೊದಲು ನೀರು ಕೊಡೋಣ. ನಾವು ಇನ್ನೂ ಅದನ್ನೇ ಮಾಡಿಲ್ಲ."

ನಿಜ. ಜಗಲಿಗಳ ಮೇಲೆ ನೀರಿಟ್ಟಿದ್ದೆವು, ಕೈಗೆ ಕೊಟ್ಟಿರಲಿಲ್ಲ. ದ್ಯಾವಣ್ಣ ಗರಡಿಯ ದೊಡ್ಡ ಕೊಳಗ ಹೊತ್ತು ತಂದ. ಜೊಂಪಿನ ಎದುರು ನಿಂತು ಏನನ್ನಬೇಕೆಂದು ತೋಚದೆ ಒದ್ದಾಡಿ, "ತಗೊಳ್ಳಿ," ಅಂದ. ಅಷ್ಟು ಮರ್ಯಾದೆಯಲ್ಲಿ ಅವನು ಯಾರನ್ನೂ ಮಾತಾಡಿಸಿದ್ದನ್ನು ನಾವು ಕೇಳಿರಲಿಲ್ಲ. ನೀಲಾವತಿ ಮನೆಗೆ ಓಡಿಹೋಗಿ ಬಟ್ಟೆಯ ಗಂಟು ತಂದು ಬಿಚ್ಚಿ, ಕಿತ್ತುಬಂದಿದ್ದ ಕೂದಲನ್ನು ಅದರ ಅಂಗೈಯಲ್ಲಿಟ್ಟಳು. "ಜಡೆ ಬೇಕಾ ನಿನಗೆ?" ಅಂತ ಕೇಳಿದಳು. ಮೊದಲ ಸಲ ಕೇಳಿದ್ದು. ಜೊಂಪು ಯೋಚಿಸಿತು. "ಇವತ್ತು ಬೇಡ," ಅಂದಿತು. ನೀಲಾವತಿ ನಕ್ಕುಬಿಟ್ಟಳು.

ಊರು ಒಂದೇ ದಿನಕ್ಕೆ ಬದಲಾಯಿತು ಅಂದರೆ ಸುಳ್ಳಾಗುತ್ತದೆ. ಮನೆಯೊಳಗೆ ಕೂತಾಗ ಜೊಂಪಕ್ಕ ಅನ್ನುವವರು ಜೊಂಪಕ್ಕ ಅಂತಲೇ ಅಂದರು, ಜೊಂಪಣ್ಣ ಅನ್ನುವವರು ಜೊಂಪಣ್ಣ ಅಂತಲೇ ಅಂದರು. ಹೊನ್ನಜ್ಜಿ ಅಂತೂ ಕೊನೆಯವರೆಗೆ ಅವನು ಬಿಡಲಿಲ್ಲ. ಆದರೆ ಜೊಂಪಿನ ವಿಷಯ ಮಾತಾಡುವುದು ಕಡಿಮೆಯಾಗಿ ಜೊಂಪಿನ ಜೊತೆ ಮಾತಾಡುವುದು ಹೆಚ್ಚಾಯಿತು. ಎದುರಿಗೆ ಹೋಗಿ ನಿಂತ ಮೇಲೆ ನೀನು, ಇಲ್ಲವೇ ನೀವು. ಕೂದಲು ಮತ್ತೆ ಹಸಿರಾಯಿತು. ಸ್ನಾನಕ್ಕೆ ಜೊಂಪು ಗೋಡೆಯ ಮೇಲೆಯೇ ಕೂರುತ್ತಿತ್ತು. ಜನ ಬಟ್ಟೆಯನ್ನು ಮೇಲಿನ ಮೆಟ್ಟಿಲಲ್ಲಿ ಒಣಗಹಾಕುವುದನ್ನು ಕಲಿತರು.

ಆ ಸಂಜೆ ಮನೆಗೆ ಬಂದು ಊಟಕ್ಕೆ ಕೂತಾಗ ಅಣ್ಣ ಕೇಳಿದ, "ನಾಳೆ ಕಥೇಲಿ ಏನಾಗುತ್ತೆ?" ಪ್ರತಿದಿನ ಅವನು ಕೇಳುತ್ತಿದ್ದ, ಪ್ರತಿದಿನ ಅವಳು ಹೇಳದೆ ಮುಚ್ಚಿಡುತ್ತಿದ್ದಳು.

"ಗೊತ್ತಿಲ್ಲ," ಅಂದಳು ಅತ್ತಿಗೆ. "ನಿಜವಾಗಿಯೂ ಗೊತ್ತಿಲ್ಲ ಕಣ್ರೀ. ಬೆಳಿಗ್ಗೆ ಹೋಗಿ ಕೇಳಬೇಕು."

ಬೆಳಿಗ್ಗೆ ಮಂಜು ಇನ್ನೂ ಕೆರೆಯ ಮೇಲೆ ಇರುವಾಗಲೇ ಅವಳು ಹೋದಳು. ನಾನು ಏರಿಯ ಮೇಲೆ ನಿಂತು ನೋಡಿದೆ. ಹಸಿರು ಬೆಟ್ಟದಂಥ ಆ ಮೈಯ ಬುಡದಲ್ಲಿ ಅವಳು ಕಾಲು ಮಡಚಿ, ಕಥೆ ಕೇಳುವವರು ಕೂರುವ ಹಾಗೆ 'ಹೂಂ' ಅನ್ನಲು ಸಿದ್ಧಳಾಗಿ ಕೂತಳು. ಜೊಂಪು ಅವಳ ಮೇಲೆ ಬಾಗಿ ಹೇಳತೊಡಗಿತು.